ಅಂಧೇರಿಯ ಪಿಯಾನೊ, ಮೈಸೂರಿನ ದೊರೆ

ಅಂಧೇರಿ ಪೂರ್ವದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುವ ವಸ್ತು ಎಂದರೆ ನನ್ನ ಡಿಜಿಟಲ್ ಪಿಯಾನೊ. 88 ಕೀಗಳ ಅದನ್ನು ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೆ. ಹಗಲಿಡೀ ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತದೆ. ರಾತ್ರಿ ಹತ್ತೂವರೆಗೆ ಮಗಳು ಮಲಗಿದ ಮೇಲೆ ಬಟ್ಟೆ ಎತ್ತಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಸಂಗೀತ ನನಗೆ ಮಾತ್ರ. ಹೆಂಡತಿಗೆ ಕೇಳುವುದು ಪ್ಲಾಸ್ಟಿಕ್ ಕೀಗಳ ಟಕಟಕ ಸದ್ದು. ಆಫೀಸಿನ ಕೆಲಸ ಮಾಡುತ್ತಿದ್ದೇನೆಂದು ತಿಳಿದು, ಇನ್ನಾದರೂ ಲ್ಯಾಪ್‌ಟಾಪ್ ಮುಚ್ಚಿ ಎಂದು ಎಷ್ಟೋ ಸಲ ಒಳಗಿನಿಂದ ಕೂಗಿದ್ದಾಳೆ.

ನಾನು ನುಡಿಸುವುದು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನೇ. ಹಾಡುವವರಿಲ್ಲದೆ, ತಬಲಾ ಪಿಟೀಲುಗಳಿಲ್ಲದೆ, ಹತ್ತು ಬೆರಳಲ್ಲಿ ಇಡೀ ಹಾಡನ್ನು ನಿಲ್ಲಿಸಬೇಕು. ಬಲಗೈಯ ಕಿರುಬೆರಳು ಗಾಯಕ, ಎಡಗೈಯ ಕಿರುಬೆರಳು ಬೇಸ್, ನಡುವಿನ ಬೆರಳುಗಳಿಗೆ ವಾದ್ಯಗೋಷ್ಠಿಯ ಕೆಲಸ. ಎರಡನೇ ಚರಣಕ್ಕೆ ಬರುವಾಗ ಮೊದಲನೆಯದನ್ನೇ ಮತ್ತೆ ನುಡಿಸಿದರೆ ಬೇಸರವಾಗುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಅಲೆದಾಡಿ ವಾಪಸು ಬರಬೇಕು. ರಾಜನ್–ನಾಗೇಂದ್ರರ ಹಾಡುಗಳು ಇದಕ್ಕೆ ಬಹಳ ಒಗ್ಗುತ್ತವೆ. ಆ ಅಣ್ಣತಮ್ಮಂದಿರು ಮೈಸೂರಿನವರು, ರಾಗದಲ್ಲೂ ಕಾರ್ಡ್‌ನಲ್ಲೂ ಒಟ್ಟಿಗೆ ಯೋಚಿಸಬಲ್ಲವರು. ‘ಎರಡು ಕನಸು’ ಚಿತ್ರದ ಯುಗಳಗೀತೆಯನ್ನು ಪಿಯಾನೊದಲ್ಲಿ ನುಡಿಸಿದರೆ ಅದು ಪಿಯಾನೊಗೆಂದೇ ಬರೆದಂತೆ ಕೂರುತ್ತದೆ.

ಅಮ್ಮ ಮೈಸೂರಿನಲ್ಲಿದ್ದಾಳೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಒಂದು ಹಾಡು ನುಡಿಸಿ ತೋರಿಸುವುದು ರೂಢಿ. ಅಪ್ಪ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಈ ಸಲ ವರ್ಷಾಬ್ದಿಕಕ್ಕೆ ಮೊದಲು, ಅಪ್ಪ ಹಾಡುತ್ತಿದ್ದ ಶ್ರೀ ಜಾಲಂಧರ ನುಡಿಸಲು ಬರುತ್ತದೆಯೇ ಎಂದು ಅಮ್ಮ ಕೇಳಿದಳು. ಗಂಭೀರನಾಟ ರಾಗದ ಈ ಕೃತಿ ಕಚೇರಿ ಕೇಳುವವರಿಗೆಲ್ಲ ಪರಿಚಿತ. ಬರುತ್ತದೆ ಎಂದುಬಿಟ್ಟೆ. ಮೂರು ವಾರ ಕಷ್ಟಪಟ್ಟರೂ ಬರಲಿಲ್ಲ. ಸ್ವರವೆಲ್ಲ ಸರಿಯಾಗಿದ್ದರೂ ಹಾಡು ಮಾತ್ರ ಅಲ್ಲಿರಲಿಲ್ಲ.

ಆಗ ನನಗೊಂದು ವಿಷಯ ಹೊಳೆಯಿತು. ಈ ಕೃತಿ ರಚಿಸಿದ ಮನುಷ್ಯ ಸ್ವತಃ ಪಿಯಾನೊ ನುಡಿಸುತ್ತಿದ್ದವನು. ಸುಮ್ಮನೆ ಶೋಕಿಗೆ ಕಲಿತಿದ್ದವನೂ ಅಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವನು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್. ಚಿಕ್ಕಂದಿನಿಂದ ಹೆಸರು ಕೇಳಿದ್ದರೂ ಅವರ ಬದುಕನ್ನು ಸರಿಯಾಗಿ ಓದಿದ್ದು ಈಗಲೇ. ಅದೂ ಸ್ವಾರ್ಥದಿಂದ. ಎರಡೂ ಸಂಗೀತ ಬಲ್ಲ ಆ ವ್ಯಕ್ತಿ ನನ್ನ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದರು ಎಂದು ತಿಳಿಯುವ ಆಸೆ ನನಗೆ.

ನಮ್ಮ ಮನೆಯಲ್ಲಿ ಮಹಾರಾಜರ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅವರ ಕೃತಿಗಳ ಭಕ್ತ. ತಾತ ಮಾತ್ರ ಅರಮನೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಆ ಕಾರಣಕ್ಕೆ ಆಮೇಲೆ ಬರುತ್ತೇನೆ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಗಾದಿ ಮೊದಲು ತಂದೆಗೆ, ಅವರ ನಂತರ ಇವರಿಗೆ ಎನ್ನುವುದು ಹುಟ್ಟಿದಾಗಲೇ ನಿಶ್ಚಯವಾಗಿತ್ತು. ಆದರೆ ನಡುವೆ ಇಬ್ಬರು ದೊಡ್ಡವರಿದ್ದರು. ದೊಡ್ಡಪ್ಪನಿಗೆ ಐವತ್ತರ ಆಸುಪಾಸು, ತಂದೆ ಇನ್ನೂ ಚಿಕ್ಕವರು. ಹುಡುಗನಿಗೆ ತನ್ನಿಷ್ಟದ್ದನ್ನು ಮಾಡಲು ಇನ್ನೂ ಇಪ್ಪತ್ತು ಮೂವತ್ತು ವರ್ಷ ಸಿಗಬಹುದಿತ್ತು.

ಬೆಳೆದದ್ದು ಎಂಥ ಮನೆಯಲ್ಲಿ ನೋಡಿ. ನಾಲ್ವಡಿಯವರು ವೀಣೆಯಿಂದ ಹಿಡಿದು ಪಾಶ್ಚಾತ್ಯ ವಾದ್ಯಗಳವರೆಗೆ ಹಲವನ್ನು ಸ್ವತಃ ನುಡಿಸುತ್ತಿದ್ದವರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರು ಆಸ್ಥಾನದಲ್ಲಿದ್ದರು. ಅದರ ಪಕ್ಕದಲ್ಲೇ ಅರಮನೆಯ ಬ್ಯಾಂಡು. ಕರ್ನಾಟಕ ಬ್ಯಾಂಡ್ ಒಂದು, ಇಂಗ್ಲಿಷ್ ಬ್ಯಾಂಡ್ ಒಂದು. ಆಟೊ ಶ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಆಸ್ಥಾನದಲ್ಲಿದ್ದರು. ನಮ್ಮ ಹಾಡುಗಳನ್ನು ತುತ್ತೂರಿ, ಕ್ಲಾರಿನೆಟ್‌ಗಳಿಗೆ ಹೊಂದಿಸಿ ನುಡಿಸುವ ಕೆಲಸ ಅಲ್ಲಿ ದಿನನಿತ್ಯ ನಡೆಯುತ್ತಿತ್ತು. ಬಸವಪ್ಪ ಶಾಸ್ತ್ರಿಗಳು ಬರೆದ ಕಾಯೌ ಶ್ರೀ ಗೌರಿಯನ್ನು ದಸರೆಯಲ್ಲಿ ಬ್ಯಾಂಡಿನವರು ನುಡಿಸುವುದನ್ನು ಕೇಳಿದ ಮೈಸೂರಿನವರಿಗೆ ಇದು ಗೊತ್ತು. ನಾನು ಅಂಧೇರಿಯಲ್ಲಿ ರಾತ್ರಿ ಕದ್ದು ಮಾಡುವ ಕೆಲಸಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು ಎಂದುಕೊಂಡರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಹುಡುಗ ಪಿಯಾನೊಗೆ ಅಂಟಿಕೊಂಡ. ಓದಿನಲ್ಲೂ ಚುರುಕು, 1938ರಲ್ಲಿ ಮಹಾರಾಜ ಕಾಲೇಜಿನಿಂದ ಚಿನ್ನದ ಪದಕಗಳೊಂದಿಗೆ ಪದವಿ ಬಂತು. ಮದುವೆಯೂ ಅದೇ ವರ್ಷ. 1939ರಲ್ಲಿ ಯುರೋಪ್ ಪ್ರವಾಸ. ಲಂಡನ್ನಿನಲ್ಲಿ ಕಲಾವಿದರು, ವಿದ್ವಾಂಸರ ಪರಿಚಯವಾಯಿತು. ಆಗ ಅವರಿಗೆ ಇಪ್ಪತ್ತು ತುಂಬುವ ಸಮಯ. ಆ ವಯಸ್ಸಿನಲ್ಲಿ ಒಳ್ಳೆಯ ಪಿಯಾನೊ ವಾದಕನೊಬ್ಬನಿಗೆ ಲಂಡನ್ ಎಂದರೆ ಏನು ಎಂದು ಊಹಿಸಬಲ್ಲೆ. ನನಗೆ ಆ ವಯಸ್ಸಿನಲ್ಲಿ ಹಾಸ್ಟೆಲ್ಲಿನಲ್ಲಿ ಒಂದು ಮುರುಕು ಕೀಬೋರ್ಡ್ ಸಿಕ್ಕಿತ್ತು. ಪರೀಕ್ಷೆ ಬಂದಾಗ ಅದನ್ನು ಗೆಳೆಯನಿಗೆ ಕೊಟ್ಟು ಮತ್ತೆ ಹತ್ತು ವರ್ಷ ಮುಟ್ಟಲಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ. ಎಂಟೆಕ್ ಆಯಿತು, ಕೆಲಸ ಬಂತು, ಅಷ್ಟೆ.

ಅವರದ್ದು ಹಾಗಲ್ಲ. 1940ರ ಮಾರ್ಚ್ 11ರಂದು ತಂದೆ ತೀರಿಕೊಂಡರು. ಆ ಸಾವು ಸಂಭವಿಸಿದ್ದು ಇದೇ ಮುಂಬಯಿಯಲ್ಲಿ. ಇಲ್ಲಿ ಹನ್ನೊಂದು ವರ್ಷದಿಂದಿರುವ ನನಗೆ ಇದು ಗೊತ್ತೇ ಇರಲಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಎಷ್ಟೋ ಸಲ ಹೋಗಿದ್ದೇನೆ. ಮೈಸೂರಿನ ಯುವರಾಜರು ಕೊನೆಯುಸಿರೆಳೆದದ್ದು ಈ ಊರಿನಲ್ಲಿ ಎಂದು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಐದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 3ರಂದು ನಾಲ್ವಡಿಯವರೂ ಹೋದರು. ನಡುವೆ ಇದ್ದ ಇಬ್ಬರೂ ಒಂದೇ ವರ್ಷದಲ್ಲಿ ಇಲ್ಲವಾದರು. 1940ರ ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ಜಯಚಾಮರಾಜರ ಪಟ್ಟಾಭಿಷೇಕ ನಡೆಯಿತು. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ವೇದಿಕೆಯ ಮೇಲಿನ ಪಿಯಾನೊ ಎನ್ನುವುದು ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದೆ, ಆದರೆ ಅವರು ಬಿಡಲಿಲ್ಲ. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ದೊರೆಯಾಗಿ ಐದು ವರ್ಷವಾದ ಮೇಲೆ, 1945ರಲ್ಲಿ, ಗಿಲ್ಡ್‌ಹಾಲ್‌ನ ಲೈಸೆನ್ಷಿಯೇಟ್ ಆದರು. ಅದೇ ವರ್ಷ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಕೂಡ. ರಾಜ್ಯ ನಡೆಸುತ್ತಾ, ದಿವಾನರ ಕಡತ ನೋಡುತ್ತಾ, ಯುದ್ಧಕಾಲದ ಪಡಿತರದ ಗೊಂದಲದ ನಡುವೆ ಒಬ್ಬ ಮನುಷ್ಯ ಬೆರಳಭ್ಯಾಸ ಬಿಡದೆ ಮಾಡಿದ್ದಾನೆ. ಕೆಲಸದೊತ್ತಡದಿಂದ ಅಭ್ಯಾಸಕ್ಕೆ ಸಮಯವಿಲ್ಲ ಎಂದು ಇನ್ನು ಮುಂದೆ ಹೇಳಲು ನನಗೆ ಬಾಯಿಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ಕಡೆ ಕರ್ನಾಟಕ ಸಂಗೀತದ ಪಾಠ. ವೀಣೆಯನ್ನು ವೀಣೆ ವೆಂಕಟಗಿರಿಯಪ್ಪನವರಲ್ಲಿ, ಶಾಸ್ತ್ರವನ್ನು ವಾಸುದೇವಾಚಾರ್ಯರಲ್ಲಿ ಕಲಿತರು. ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ. ಶಿಷ್ಯನಿಗೂ ಅವರಿಗೂ ಐವತ್ತನಾಲ್ಕು ವರ್ಷದ ಅಂತರ. ಶಿಲ್ಪಿ ಸಿದ್ಧಲಿಂಗಸ್ವಾಮಿಯವರಿಂದ ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದರು. 1940ರ ದಶಕದಲ್ಲಿ ಕೃತಿ ರಚನೆ ಶುರುವಾಯಿತು. ಒಟ್ಟು 94 ಕೃತಿಗಳು, ಎಲ್ಲವೂ ಸಂಸ್ಕೃತದಲ್ಲಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ. ಬೇರೆಯವರು ಮುಟ್ಟದ ಅಪರೂಪದ ರಾಗಗಳನ್ನು ಹುಡುಕಿ ಹುಡುಕಿ ಹಿಡಿದಿದ್ದಾರೆ. ಇವೆಲ್ಲ ಒಟ್ಟಾಗಿ ಪುಸ್ತಕವಾಗಿ ಬಂದದ್ದು 2010ರಲ್ಲಿ, ಅವರ ಅಳಿಯ ಆರ್. ರಾಜಾಚಂದ್ರ ಅವರ ಮೂಲಕ.

ಇಲ್ಲಿಗೆ ನನ್ನ ಪ್ರಶ್ನೆಗೆ ಉತ್ತರ ಸಿಗಬೇಕಿತ್ತು. ಸಿಗಲಿಲ್ಲ. ಏಕೆಂದರೆ ಈ ಕೃತಿಗಳಲ್ಲಿ ಪಿಯಾನೊದ ವಾಸನೆಯೇ ಇಲ್ಲ. ಕಾರ್ಡ್ ಇಲ್ಲ, ಹಾರ್ಮನಿಯ ಸುಳಿವಿಲ್ಲ. ಬರೆದವರ ಹೆಸರು ಹೇಳದೆ ಕೇಳಿಸಿದರೆ ದೀಕ್ಷಿತರ ಪರಂಪರೆಯ ಯಾರೋ ಪಂಡಿತರು ಎನ್ನಬೇಕು. ಬೆಳಿಗ್ಗೆ ವೀಣೆ, ಸಂಜೆ ಪಿಯಾನೊ ನುಡಿಸುವ ಮನುಷ್ಯ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ನಡುವಿನ ಬಾಗಿಲಿಗೆ ಚಿಲಕ ಹಾಕಿದಂತಿದೆ. ದೊಡ್ಡಪ್ಪನ ಬ್ಯಾಂಡಿನಲ್ಲಿ ಎರಡೂ ಬೆರೆಯುತ್ತಿದ್ದದ್ದನ್ನು ಕೇಳುತ್ತಾ ಬೆಳೆದವರು ಹೀಗೇಕೆ ಮಾಡಿದರು? ನನ್ನ ಊಹೆ ಇಷ್ಟೇ. ಎರಡನ್ನೂ ಆಳವಾಗಿ ಕಲಿತವನಿಗೆ ಅವು ಎಲ್ಲಿ ಜಗಳವಾಡುತ್ತವೆ ಎನ್ನುವುದು ಚೆನ್ನಾಗಿ ಕಾಣುತ್ತದೆ. ನನ್ನಂಥ ಅರೆಬರೆ ಕಲಿತವನಿಗೆ ಎಲ್ಲವೂ ಬೆರೆಯುವಂತೆ ತೋರುತ್ತದೆ.

ಆ ಜಗಳ ಏನೆಂದು ಗಂಭೀರನಾಟದಲ್ಲೇ ಹೇಳುತ್ತೇನೆ. ಇದು ಐದೇ ಸ್ವರದ ರಾಗ: ಸ, ಗ, ಮ, ಪ, ನಿ. ದೇವಸ್ಥಾನದ ಉತ್ಸವ ಹೊರಡುವಾಗ ನಾಗಸ್ವರದಲ್ಲಿ ಮಲ್ಲಾರಿ ಕೇಳಿದ್ದೀರಲ್ಲ, ಅದೂ ಇದೇ ರಾಗ. ಪಿಯಾನೊದಲ್ಲಿ ಹುಡುಕಿದರೆ ಐದೂ ಬಿಳಿ ಕೀಗಳೇ ಸಿಗುತ್ತವೆ, ಮಕ್ಕಳಾಟದಂತೆ. ತೊಂದರೆ ಎಡಗೈಯಲ್ಲಿ ಶುರು. ಸ-ಗ-ಪ ಒಟ್ಟಿಗೆ ಒತ್ತಿದರೆ ಒಳ್ಳೆಯ ಮೇಜರ್ ಕಾರ್ಡ್. ಗ-ಪ-ನಿ ಒತ್ತಿದರೆ ಮೈನರ್. ಅಲ್ಲಿಗೆ ಬಂಡವಾಳ ಮುಗಿಯಿತು. ಮಧ್ಯಮದ ಮೇಲೆ ಕಾರ್ಡ್ ಕಟ್ಟಲು ಧೈವತ ಬೇಕು, ರಾಗದಲ್ಲಿ ಅದಿಲ್ಲ. ಪಂಚಮದ ಮೇಲೆ ಕಟ್ಟಲು ರಿಷಭ ಬೇಕು, ಅದೂ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಯಾವುದೇ ಹಾಡು ಮನೆಯಿಂದ ಹೊರಟು ಮನೆಗೆ ಬರುವುದು ಈ ಎರಡು ಕಾರ್ಡ್‌ಗಳ ಹೆಗಲ ಮೇಲೆ. ಅವನ್ನು ತಂದರೆ ರಾಗ ಕೆಡುತ್ತದೆ, ತರದಿದ್ದರೆ ಎಡಗೈ ಕೆಲಸವಿಲ್ಲದೆ ಕೂರುತ್ತದೆ.

ಬಲಗೈಯದು ಇನ್ನೂ ದೊಡ್ಡ ರಗಳೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಪಿಯಾನೊದ ಕೀ ಒತ್ತಿದ ಮೇಲೆ ಸುತ್ತಿಗೆ ತಂತಿಗೆ ಬಡಿದು ವಾಪಸು ಬಂದಿರುತ್ತದೆ. ಆಮೇಲೆ ಆ ನಾದದ ಮೇಲೆ ನಮಗೆ ಯಾವ ಅಧಿಕಾರವೂ ಇಲ್ಲ, ಅದು ಸಾಯುವುದನ್ನು ಕಾಯಬೇಕಷ್ಟೆ. ನಿಷಾದ ಅಲುಗಾಡಬೇಕು, ಅಲುಗಾಡುವುದಿಲ್ಲ. ಪಕ್ಕದ ಕೀ ಬೇಗ ತಾಗಿಸಿ ಬಿಟ್ಟರೆ ಗಮಕದ ನೆರಳು ಮಾತ್ರ ಸಿಗುತ್ತದೆ. ಅಪ್ಪ ಇದನ್ನು ಸರಳವಾಗಿ, ಪಿಯಾನೊದಲ್ಲಿ ನಮ್ಮ ಹಾಡು ಕೇಳಿದರೆ ಬೆಣ್ಣೆ ಹಚ್ಚದ ಬನ್ನು ತಿಂದ ಹಾಗೆ ಎನ್ನುತ್ತಿದ್ದ. ಶ್ರುತಿಯೂ ಪೂರ್ತಿ ಕೂಡುವುದಿಲ್ಲ. ತಂಬೂರಿಯ ನಾದದಿಂದ ತಾನಾಗಿ ಹುಟ್ಟುವ ಅಂತರ ಗಾಂಧಾರಕ್ಕಿಂತ ಪಿಯಾನೊದ ಗಾಂಧಾರ ಸುಮಾರು 14 ಸೆಂಟ್ ಮೇಲಿರುತ್ತದೆ. ಪಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್ ಎಂದು ಲೆಕ್ಕ. ಏಳನೇ ಒಂದು ಭಾಗದಷ್ಟು ತಪ್ಪು. ಸಾಫ್ಟ್‌ವೇರ್‌ನಲ್ಲಾದರೆ ಇಷ್ಟು ತಪ್ಪಿಗೆ ಬಗ್ ಹಾಕುತ್ತಾರೆ.

ಮಹಾರಾಜರು ಪಿಯಾನೊ ಪ್ರೀತಿಯನ್ನು ಬೇರೆ ದಾರಿಯಲ್ಲಿ ತೀರಿಸಿಕೊಂಡರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕ, ಪಿಯಾನೊ ವಾದಕ. ಹುಟ್ಟಿದ್ದು 1880ರಲ್ಲಿ ಮಾಸ್ಕೋದಲ್ಲಿ. ಕ್ರಾಂತಿಯ ನಂತರ ದೇಶ ಬಿಟ್ಟು ಅಲ್ಲಿ ಇಲ್ಲಿ ಅಲೆದು 1930ರ ದಶಕದಲ್ಲಿ ಲಂಡನ್ ಸೇರಿದ್ದ. ಫ್ಯಾಷನ್ ಬದಲಾಗಿತ್ತು, ಅವನ ಸಂಗೀತ ಹಳೆಯ ಕಾಲದ್ದು ಎನ್ನಿಸಿಕೊಂಡಿತ್ತು. ಯುದ್ಧದ ವರ್ಷಗಳಲ್ಲಿ ಹೃದಯದ ಕಾಯಿಲೆ, ಹಣದ ಮುಗ್ಗಟ್ಟು. ಮೈಸೂರಿನ ಈ ತರುಣ ದೊರೆಗೆ ಅವನ ಸಂಗೀತವೆಂದರೆ ಪ್ರಾಣ. ಯುದ್ಧ ಮುಗಿದ ಮೇಲೆ ಮೆಟ್ನರ್ ಸೊಸೈಟಿ ಸ್ಥಾಪಿಸಿ, ಅವನ ಕೃತಿಗಳನ್ನು ಅವನ ಬೆರಳುಗಳಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಎಚ್‌ಎಂವಿ ಕಂಪನಿ ಮುದ್ರಿಸಿತು. ಮೂರು ಪಿಯಾನೊ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೊನಿಯ ಆರ್ಕೆಸ್ಟ್ರಾ ಜೊತೆಗೆ 1947ರಲ್ಲಿ ನುಡಿಸಿದ. ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡ. ಮೈಸೂರಿನ ಹಣ ಇಲ್ಲದಿದ್ದರೆ ಅವನ ಕೈಯ ಆ ಸಂಗೀತ ಅವನೊಂದಿಗೇ ಹೋಗುತ್ತಿತ್ತು.

ಈ ಧ್ವನಿಮುದ್ರಣದ ಹಿಂದಿದ್ದ ಎಚ್‌ಎಂವಿಯ ವಾಲ್ಟರ್ ಲೆಗ್ ಎಂಬ ಇಂಗ್ಲಿಷ್ ನಿರ್ಮಾಪಕ ಮೈಸೂರಿಗೆ ಬಂದು ಕೆಲವು ವಾರ ಇದ್ದು ಹೋಗಿದ್ದ. ಅರಮನೆಯಲ್ಲಿ ರೆಕಾರ್ಡ್‌ಗಳ ಅಗಾಧ ಸಂಗ್ರಹ, ನಾನಾ ಬಗೆಯ ಧ್ವನಿವರ್ಧಕ, ಹಲವಾರು ಕನ್ಸರ್ಟ್ ಗ್ರ್ಯಾಂಡ್ ಪಿಯಾನೊ ಇದ್ದುದನ್ನು ಬೆರಗಿನಿಂದ ನೆನೆದಿದ್ದಾನೆ. ಫಿಲ್‌ಹಾರ್ಮೊನಿಯ ಆರ್ಕೆಸ್ಟ್ರಾವನ್ನು 1945ರಲ್ಲಿ ಕಟ್ಟಿದವನೇ ಈ ಲೆಗ್. ಅದು ತನ್ನ ಕಾಲ ಮೇಲೆ ನಿಲ್ಲುವವರೆಗೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದರು ಎಂದು ಅವನ ಬರಹದಿಂದ ತಿಳಿಯುತ್ತದೆ. 1948ರಲ್ಲಿ ಫಿಲ್‌ಹಾರ್ಮೊನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷ ಪಟ್ಟವೂ ಇವರಿಗೇ ಬಂತು. ಬಲಾಕಿರೆವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯದು, ಇಂಥ ಅಷ್ಟಾಗಿ ಯಾರೂ ಕೇಳದ ಕೃತಿಗಳನ್ನು ಹರ್ಬರ್ಟ್ ಫಾನ್ ಕರಾಯನ್ ಆ ಆರ್ಕೆಸ್ಟ್ರಾದೊಂದಿಗೆ 1949ರಲ್ಲಿ ರೆಕಾರ್ಡ್ ಮಾಡಿದ್ದರ ಹಿಂದೆಯೂ ಮೈಸೂರಿನ ಕೇಳುಗನ ಆಸೆ ಇತ್ತು. ಅಪರೂಪದ ರಾಗ ಹುಡುಕುವವರ ಅಭಿರುಚಿ ಇಲ್ಲೂ ಹಾಗೇ ಇತ್ತು ಎಂದು ನನಗೆ ತೋರುತ್ತದೆ.

ಇನ್ನು ತಾತನ ವಿಷಯ. ಮೆಟ್ನರ್ ಲಂಡನ್ನಿನ ಸ್ಟುಡಿಯೊದಲ್ಲಿ ಕಾನ್ಸರ್ಟೊ ನುಡಿಸಿದ 1947ರಲ್ಲೇ ಮೈಸೂರಿನಲ್ಲಿ ಬೇರೆ ಸದ್ದು ಕೇಳುತ್ತಿತ್ತು. ಆಗಸ್ಟ್ 9ರಂದು ಮಹಾರಾಜರು ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದೇನೋ ನಿಜ. ಆದರೆ ಜನರಿಗೆ ಉತ್ತರದಾಯಿಯಾದ ಸರ್ಕಾರ ಬಂದಿರಲಿಲ್ಲ, ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಶುರುವಾಯಿತು. ಗುಂಡು ಹಾರಿತು. ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಬಸ್ಸಿಗೆ ಕಾಯದ ಮೈಸೂರಿನವರಿಲ್ಲ. ಆ ಹೆಸರು ಅವನದ್ದು. ತಾತ ಆಗ ಹೈಸ್ಕೂಲು ಹುಡುಗ, ಮೆರವಣಿಗೆಯಲ್ಲಿದ್ದರಂತೆ. ಓಡಿ ಬರುವಾಗ ಚಪ್ಪಲಿ ಕಳೆದುಕೊಂಡು ಮನೆಗೆ ಬಂದದ್ದನ್ನು ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಆದರೂ ತಾತನ ಮನಸ್ಸು ಕರಗಲಿಲ್ಲ. ಅಪ್ಪ ಶ್ರೀ ಜಾಲಂಧರ ಹಾಡಲು ಕೂತರೆ ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದರು. ಹಾಡು ಮುಗಿದ ಮೇಲೆ ಬರುತ್ತಿದ್ದರು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನು ನೋಡಿಲ್ಲ.

ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನನಗೆ ಮುಜುಗರವಾಗುತ್ತದೆ. ಮೈಸೂರು ರಾಜ್ಯದ ಹಣ ಲಂಡನ್ನಿನ ಆರ್ಕೆಸ್ಟ್ರಾಗೆ ಹೋಗಬೇಕಿತ್ತೇ ಎಂದು ತಾತ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಮೆಟ್ನರ್‌ನ ರೆಕಾರ್ಡ್ ಕೇಳುವಾಗ ಆ ಪ್ರಶ್ನೆ ಮರೆತುಹೋಗುತ್ತದೆ ಎನ್ನುವುದೂ ನಿಜ. ಹಾಗೆ ಮರೆಯುವುದು ಸರಿಯೇ ಎಂದು ಆಮೇಲೆ ಅನ್ನಿಸುತ್ತದೆ.

ಮಹಾರಾಜರ ಪಾಶ್ಚಾತ್ಯ ಸಂಗೀತದ ಕಥೆಯಲ್ಲಿ ಕೊನೆಯ ದೊಡ್ಡ ಘಟನೆ 1950ರದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1949ರ ಸೆಪ್ಟೆಂಬರ್ 8ರಂದು ತೀರಿಕೊಂಡಿದ್ದ. ಮಹಾರಾಜರ ಪಟ್ಟಾಭಿಷೇಕ ನಡೆದದ್ದೂ ಸೆಪ್ಟೆಂಬರ್ 8ರಂದೇ, ಕಾಕತಾಳೀಯ ಅಷ್ಟೆ. ಅವನು ಸಾಯುವ ಮುಂಚಿನ ವರ್ಷ ಬರೆದ ನಾಲ್ಕು ಹಾಡುಗಳನ್ನು ಯಾರೂ ಇನ್ನೂ ಹಾಡಿರಲಿಲ್ಲ. ಇವತ್ತು ‘ನಾಲ್ಕು ಕೊನೆಯ ಹಾಡುಗಳು’ ಎಂದು ಜಗತ್ತೆಲ್ಲ ಕೇಳುವ ಅವು ಮೊದಲು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಫಿಲ್‌ಹಾರ್ಮೊನಿಯ. ಆ ಕಚೇರಿಗೆ 4,800 ಡಾಲರ್ ಭರವಸೆ ಕೊಟ್ಟದ್ದು ಜಯಚಾಮರಾಜರು. ಅವರಿಗೆ ಹೋಗಲಾಗಲಿಲ್ಲ. ಹೋಗಲಾಗದ ಕಾರಣಕ್ಕೇ ಕಾರ್ಯಕ್ರಮವನ್ನು ಮುದ್ರಿಸಿ ರೆಕಾರ್ಡ್‌ಗಳನ್ನು ಹಡಗಿನಲ್ಲಿ ಮೈಸೂರಿಗೆ ಕಳಿಸುವ ಏರ್ಪಾಡಾಯಿತು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ರೆಕಾರ್ಡ್‌ಗಳಿದ್ದವಂತೆ.

ಆ ಮುದ್ರಣ ಉಳಿದಿದೆ. ವರ್ಸೋವಾ–ಘಾಟ್ಕೋಪರ್ ಮೆಟ್ರೊದಲ್ಲಿ ಆಫೀಸಿಗೆ ಹೋಗುತ್ತಾ ಕೇಳಿದೆ. ಗರಗರ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಾಳೆ. ಇದನ್ನು ಅವರು ಮೈಸೂರಿನಲ್ಲಿ ಒಬ್ಬರೇ ಕೂತು ಕೇಳಿರಬೇಕು, ವಾರಗಟ್ಟಲೆ ಕಾದು, ತಾನು ನಡೆಸಿದ ಕಚೇರಿಯನ್ನು ತಾನೇ ಪಾರ್ಸೆಲ್ಲಿನಲ್ಲಿ ಪಡೆದು. ಹೊರಗೆ ಇರುವ ನಮಗೆಲ್ಲ ಇದು ತಿಳಿಯದ ವಿಷಯವಲ್ಲ. ತಂಗಿಯ ಮದುವೆಯ ವಿಡಿಯೊ, ಊರ ತೇರಿನ ಫೋಟೊ, ನಾವೇ ದುಡ್ಡು ಕಳಿಸಿದ ಕಾರ್ಯಕ್ರಮಗಳನ್ನು ಫೋನಿನಲ್ಲಿ ನೋಡುವವರಲ್ಲವೇ. ಅವರು ಮಾತ್ರ ಊರಲ್ಲೇ ಕೂತು, ಮನಸ್ಸಿದ್ದ ಇನ್ನೊಂದು ಊರಿನಿಂದ ಬರುವ ಪೆಟ್ಟಿಗೆಗೆ ಕಾಯುತ್ತಿದ್ದರು.

ಆಮೇಲಿನದ್ದು ಹೆಚ್ಚಾಗಿ ಹುದ್ದೆಗಳ ಪಟ್ಟಿ. 1950ರಿಂದ 1956ರವರೆಗೆ ರಾಜಪ್ರಮುಖ. ಕನ್ನಡ ನಾಡು ಒಂದಾದ ಮೇಲೆ ವಿಶಾಲ ಮೈಸೂರಿನ ಮೊದಲ ರಾಜ್ಯಪಾಲ. 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲ. ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಋಗ್ವೇದವನ್ನು ಕನ್ನಡದಲ್ಲಿ ಸಂಪುಟ ಸಂಪುಟವಾಗಿ ತರಿಸಿದ್ದು, ತತ್ವಶಾಸ್ತ್ರದ ಬಗ್ಗೆ ಪುಸ್ತಕ ಬರೆದದ್ದು ಬೇರೆ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಬಂತು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 55 ವರ್ಷ ಮಾತ್ರ. ‘ಎರಡು ಕನಸು’ ಬಂದದ್ದೂ ಅದೇ ವರ್ಷ. ಮೈಸೂರಿನ ಬೀದಿಗಳಲ್ಲಿ ಆಗ ರೇಡಿಯೊದಲ್ಲಿ ಯಾವ ಹಾಡು ಕೇಳುತ್ತಿತ್ತೆಂದು ಊಹಿಸಬಹುದು.

ಚಿಕ್ಕವನಿದ್ದಾಗ ಅಪ್ಪ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಕರೆದೊಯ್ದಿದ್ದ. ಎಲ್ಲ ಮಕ್ಕಳಂತೆ ನಾನೂ ಬೊಂಬೆ ಸಿಪಾಯಿಗಳು ಹೊರಬರುವ ಫ್ರೆಂಚ್ ಗಡಿಯಾರದ ಮುಂದೆ ನಿಂತಿದ್ದೆ. ಅಪ್ಪ ಮೇಲಿನ ವಾದ್ಯಗಳ ಕೋಣೆಯಲ್ಲಿ ಬಹಳ ಹೊತ್ತು ಇದ್ದ. ವಾಪಸು ಬರುವಾಗ ಏನು ನೋಡಿದೆ ಎಂದು ನಾನು ಕೇಳಲಿಲ್ಲ.

ಮತ್ತೆ ನನ್ನ ಪಿಯಾನೊಗೆ ಬರುತ್ತೇನೆ. ಎರಡನ್ನೂ ಬೆರೆಸದೆ ಬಿಟ್ಟ ಮನುಷ್ಯನ ಕೃತಿಯನ್ನು ಪಿಯಾನೊದಲ್ಲಿ ನುಡಿಸುವುದು ಅವರಿಗೆ ಇಷ್ಟವಾಗುತ್ತಿತ್ತೋ ಇಲ್ಲವೋ. ಅಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ, ಬಿಡುವಂತಿರಲಿಲ್ಲ. ಮೊದಲು ಕಾರ್ಡ್‌ಗಳನ್ನೆಲ್ಲ ಕಿತ್ತುಹಾಕಿದೆ. ಎಡಗೈಗೆ ಸ ಮತ್ತು ಪ ಮಾತ್ರ, ತಂಬೂರಿಯ ಹಾಗೆ ಪೆಡಲ್ ಒತ್ತಿ ಹಿಡಿದು. ಪಂಚಮದ ಕಾರ್ಡ್ ಬೇಕೆನಿಸಿದ ಕಡೆ ಪ-ನಿ-ಮ ಮೂರನ್ನೇ ದೂರ ದೂರ ಇಟ್ಟೆ. ರಿಷಭ ಇಲ್ಲದಿದ್ದರೂ ಮನೆಗೆ ಮರಳುವ ಭಾವ ಹೇಗೋ ಬಂತು. ಗಮಕ ಮಾತ್ರ ಬರಲೇ ಇಲ್ಲ.

ಭಾನುವಾರ ನುಡಿಸಿದೆ. ಅಮ್ಮ ಸುಮ್ಮನೆ ಕೇಳಿ, ಚೆನ್ನಾಗಿದೆ, ಸ್ವಲ್ಪ ಜೋರಾಯಿತು ಎಂದಳು. ಹಾಗೆಂದರೆ ಕಾಲ ಓಡಿತು ಎಂದರ್ಥ. ನೀನೇ ಹಾಡು, ನಾನು ಹಿಂದೆ ನುಡಿಸುತ್ತೇನೆ ಎಂದೆ. ಪ್ರಯತ್ನಿಸಿದೆವು. ವಿಡಿಯೊ ಕಾಲ್‌ನಲ್ಲಿ ಅವಳ ಧ್ವನಿ ನನಗೆ ಬಂದು, ನನ್ನ ನಾದ ಅವಳಿಗೆ ಹೋಗುವಷ್ಟರಲ್ಲಿ ಅರ್ಧ ಅಕ್ಷರಕಾಲ ಕಳೆದಿರುತ್ತದೆ. ಅವಳು ನನಗಾಗಿ ಕಾಯುತ್ತಾಳೆ, ನಾನು ಅವಳಿಗಾಗಿ ಕಾಯುತ್ತೇನೆ, ಆದಿತಾಳ ವಿಲಂಬಕ್ಕೂ ವಿಲಂಬವಾಗಿ ಕೊನೆಗೆ ನಿಂತೇಹೋಯಿತು. ಇಬ್ಬರೂ ನಕ್ಕೆವು.

ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಒಂದು ಧ್ವನಿ ಸಂದೇಶ ಬಂತು. ಏನೂ ಹೇಳದೆ ಪಲ್ಲವಿ ಹಾಡಿ ಕಳಿಸಿದ್ದಳು. ಅಪ್ಪ ಹಾಡುತ್ತಿದ್ದಾಗ ಅಡುಗೆಮನೆಯಿಂದ ಕೇಳಿ ಕಲಿತದ್ದು ಇರಬೇಕು. ಅವಳು ಹಾಡುವುದನ್ನು ನಾನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ. ಗಾಂಧಾರಕ್ಕೆ ಮಧ್ಯಮದಿಂದ ಜಾರಿ ಬರುವುದು ಅಪ್ಪನ ರೀತಿಯಲ್ಲೇ ಇತ್ತು. ಹೆಡ್‌ಫೋನ್ ಹಾಕಿಕೊಂಡು ಅದರ ಕೆಳಗೆ ಎಡಗೈ ಇಟ್ಟೆ. ಕೂಡಲಿಲ್ಲ. ಅವಳ ಶ್ರುತಿ ಪಿಯಾನೊದ ಎರಡು ಕೀಗಳ ನಡುವೆ ಎಲ್ಲೋ ಇತ್ತು. ಡಿಜಿಟಲ್ ಪಿಯಾನೊದ ಒಂದು ಅನುಕೂಲ, ಸೆಟ್ಟಿಂಗ್‌ಗೆ ಹೋಗಿ ಇಡೀ ವಾದ್ಯದ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಬಹುದು. ಒಂದೊಂದೇ ಹೆಜ್ಜೆ ಇಳಿಸುತ್ತಾ ಹೋದೆ. ಅವಳ ಷಡ್ಜ ಸಿಕ್ಕಿತು.

ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಷ್ಟೇ ಸ-ಪ ನುಡಿಸಿದೆ. ಸಂದೇಶ ಒಂದು ನಿಮಿಷ ಹನ್ನೆರಡು ಸೆಕೆಂಡಿನದು. ನಡುವೆ ಒಮ್ಮೆ ಕುಕ್ಕರ್ ಕೂಗುತ್ತದೆ, ಅಮ್ಮ ಸಾಲು ಮರೆತು ಅರೆಕ್ಷಣ ನಿಲ್ಲುತ್ತಾಳೆ, ಆಮೇಲೆ ಪಲ್ಲವಿಯನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾಳೆ. ಅನುಪಲ್ಲವಿ ಕಳಿಸು ಎಂದು ಬರೆದಿದ್ದೇನೆ. ಇನ್ನೂ ಬಂದಿಲ್ಲ.